ಆಷಾಢದಲ್ಲಿ ಬಿದ್ದವರು

ಸಿದ್ಧಾರ್ಥಿ ಸಂವತ್ಸರ, ಆಷಾಢ ಮಾಸ, ಕೃಷ್ಣಪಕ್ಷ. ಗೋಡೆಯ ಕ್ಯಾಲೆಂಡರಿನ ಲೆಕ್ಕದಲ್ಲಿ 1979ರ ಜುಲೈ 11, ಬುಧವಾರ. ಮದುವೆ, ಮುಂಜಿ, ಗೃಹಪ್ರವೇಶ ಯಾವುದಕ್ಕೂ ಬಾರದ ತಿಂಗಳು. ಹೊಸ ಸೊಸೆಯಂದಿರೆಲ್ಲ ತವರಿನಲ್ಲಿ. ಆಷಾಢದಲ್ಲಿ ಏನನ್ನೂ ಶುರು ಮಾಡಬಾರದು ಎಂದು ಹಿರಿಯರು ಹೇಳಿದ್ದಾರೆಯೇ ಹೊರತು, ಏನೂ ಬೀಳಬಾರದು ಎಂದು ಯಾರೂ ಹೇಳಿಲ್ಲ. ಹಾಗಾಗಿ ಆ ದಿನ ಎರಡು ವಸ್ತುಗಳು ಬೀಳಲು ಹೊರಟವು. ಒಂದು, ಅಮೆರಿಕದ ಸ್ಕೈಲ್ಯಾಬ್. ಇನ್ನೊಂದು, ಮೊರಾರ್ಜಿ ದೇಸಾಯಿಯವರ ಸರ್ಕಾರ.

ದೇಶವೆಲ್ಲ ಕತ್ತೆತ್ತಿ ನೋಡಿದ್ದು ಮೊದಲನೆಯದನ್ನು. ಎರಡನೆಯದರ ಮೇಲೆ ಕಣ್ಣಿಟ್ಟಿದ್ದವರು ಸಂಸದರು ಮಾತ್ರ. ಅದೂ ಎದುರು ಸಾಲಿನಲ್ಲಿ ಕೂರಲು ಜಾಗ ಇದೆಯೇ ಎಂದು ನೋಡಲಿಕ್ಕೆ.

ಸ್ಕೈಲ್ಯಾಬಿನ ಜಾತಕ ಗೊತ್ತಿಲ್ಲದ ಇಂದಿನ ಓದುಗರಿಗೆ ಎರಡು ಮಾತು. 1973ರ ಮೇ 14ರಂದು ಅಮೆರಿಕದವರು ಹಾರಿಸಿದ ಬಾಹ್ಯಾಕಾಶ ಪ್ರಯೋಗಾಲಯ ಅದು. ಮೂರು ತಂಡಗಳು ಸರದಿಯಲ್ಲಿ ಹೋಗಿ ಅಲ್ಲಿ ಇದ್ದು ಬಂದವು. ಕೊನೆಯ ತಂಡ 1974ರ ಫೆಬ್ರುವರಿಯಲ್ಲಿ ಇಳಿದು ಬಂದ ಮೇಲೆ, ಬಾಡಿಗೆಯವರು ಖಾಲಿ ಮಾಡಿದ ವಠಾರದ ಮನೆಯ ಹಾಗೆ ಅದು ಮೇಲೆಯೇ ಉಳಿಯಿತು. ಮಾಲೀಕರು ಸುಣ್ಣ ಹೊಡೆಸುವ ಮಾತಾಡುತ್ತಲೇ ಇದ್ದರು. ಹೊಸ ಸ್ಪೇಸ್ ಷಟಲ್ ತಯಾರಾಗುತ್ತದೆ, ಅದು ಹೋಗಿ ಸ್ಕೈಲ್ಯಾಬನ್ನು ಇನ್ನಷ್ಟು ಮೇಲಕ್ಕೆ ತಳ್ಳಿ ಬರುತ್ತದೆ ಎಂಬುದು ಯೋಜನೆ. ಷಟಲ್ ಮೊದಲ ಸಲ ಹಾರಿದ್ದು 1981ರಲ್ಲಿ. ಇತ್ತ ಸೂರ್ಯನಿಗೆ ಅದೇ ಹೊತ್ತಿಗೆ ಉಷ್ಣ ಹೆಚ್ಚಾಗಿ, ಕಲೆಗಳು ಏರಿ, ಭೂಮಿಯ ಮೇಲ್ವಾತಾವರಣ ಬಿಸಿಯಾಗಿ ಉಬ್ಬಿತು. ಆ ಗಾಳಿ ಸ್ಕೈಲ್ಯಾಬಿನ ಕಾಲೆಳೆಯಲು ಶುರುಮಾಡಿತು. ಚಂದ್ರನ ಮೇಲೆ ಕಾಲಿಟ್ಟವರ ಕಾಮಗಾರಿಯೂ ತಡವಾಗುತ್ತದೆ ಎಂಬ ಸುದ್ದಿಯಿಂದ ನಮ್ಮ ಲೋಕೋಪಯೋಗಿ ಇಲಾಖೆಗೆ ಆಗಿರಬಹುದಾದ ಸಮಾಧಾನವನ್ನು ಇತಿಹಾಸಕಾರರು ಯಾಕೋ ದಾಖಲಿಸಿಲ್ಲ.

ತೂಕ 77 ಟನ್. ಈ ಅಂಕಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಜನತಾ ಪಕ್ಷ ಅಧಿಕಾರಕ್ಕೆ ಬಂದದ್ದು 77ರಲ್ಲಿ. ಕೋಕಾ-ಕೋಲಾ ಗಂಟುಮೂಟೆ ಕಟ್ಟಿದ್ದು 77ರಲ್ಲಿ. ಅದರ ಬದಲಿಗೆ ಸರ್ಕಾರವೇ ಬಾಟಲಿಗೆ ತುಂಬಿ ಕೊಟ್ಟ ತಂಪು ಪಾನೀಯದ ಹೆಸರೂ '77'. ಇಂದಿರಾ ಗಾಂಧಿ 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನಲ್ಲಿ ಗೆದ್ದ ಅಂತರ 77 ಸಾವಿರ ಚಿಲ್ಲರೆ ಮತ. ಇಷ್ಟೆಲ್ಲ ಎದುರಿಗಿಟ್ಟುಕೊಂಡೂ ಒಬ್ಬ ಸಂಖ್ಯಾಶಾಸ್ತ್ರಿಯಾದರೂ ಏನಾಗಲಿದೆ ಎಂದು ಹೇಳಿರಲಿಲ್ಲ ಅಂದರೆ, ಆ ವಿದ್ಯೆಯ ಮೇಲೆ ನನಗಿದ್ದ ಅಲ್ಪಸ್ವಲ್ಪ ಗೌರವವೂ ಹೋಗುತ್ತದೆ.

ನಾಸಾದವರಾದರೂ ಲೆಕ್ಕ ಕೊಟ್ಟಿದ್ದರು. ಚೂರುಗಳಲ್ಲಿ ಒಂದಾದರೂ ಯಾವನೋ ಒಬ್ಬ ಮನುಷ್ಯನ ಮೇಲೆ ಬೀಳುವ ಸಾಧ್ಯತೆ 152ರಲ್ಲಿ ಒಂದು. ಆ ಮನುಷ್ಯ ನೀವೇ ಆಗಿರುವ ಸಾಧ್ಯತೆ 60 ಸಾವಿರ ಕೋಟಿಯಲ್ಲಿ ಒಂದು. ಎರಡನೆಯ ಅಂಕಿಯನ್ನು ಯಾರೂ ಓದಲಿಲ್ಲ. ಓದಿದವರೂ ನಂಬಲಿಲ್ಲ. ಜೀವಮಾನದಲ್ಲಿ ಒಂದು ಲಾಟರಿಯೂ ಹೊಡೆಯದ ಮನುಷ್ಯನಿಗೂ, ಇಂಥ ವಿಷಯ ಬಂದಾಗ ಮಾತ್ರ, ಆ ಒಂದು ತಾನೇ ಎಂಬುದರಲ್ಲಿ ಅನುಮಾನವಿರುವುದಿಲ್ಲ. ಸ್ಕೈಲ್ಯಾಬ್ ಓಡಾಡುತ್ತಿದ್ದ ದಾರಿ ಭೂಮಧ್ಯರೇಖೆಯ ಆಚೆಗೆ 50 ಡಿಗ್ರಿ, ಈಚೆಗೆ 50 ಡಿಗ್ರಿ. ಅಂದರೆ ಜಗತ್ತಿನ ಬಹುಪಾಲು ಜನ ಅದರ ಕೆಳಗೇ ಬರುತ್ತಿದ್ದರು. ಇಡೀ ಇಂಡಿಯಾವಂತೂ ಚಾಚೂ ತಪ್ಪದೆ. ಹಿಂದಿನ ವರ್ಷವಷ್ಟೇ ರಷ್ಯಾದ ಒಂದು ಅಣುಚಾಲಿತ ಉಪಗ್ರಹ ಕೆನಡಾದ ಹಿಮದ ಮೇಲೆ ಉದುರಿತ್ತು. ಹಾಗಾಗಿ ಹೆದರಿಕೆಗೆ ಆಧಾರವೇ ಇರಲಿಲ್ಲ ಎನ್ನಲಾಗದು.

ಆದರೆ ನಮ್ಮ ಕಡೆ ಹೆದರಿದ ರೀತಿಗೆ ಯಾವ ಆಧಾರವೂ ಬೇಕಿರಲಿಲ್ಲ.

ನಮ್ಮದು ಮಲೆನಾಡು. ಜೂನ್ ಮೊದಲ ವಾರ ಮೋಡ ಕವಿದರೆ ಆಕಾಶ ಎಂಬ ಪದಾರ್ಥ ಮತ್ತೆ ಕಾಣುವುದು ಗಣಪತಿ ಹಬ್ಬದ ಹೊತ್ತಿಗೆ. ಅಂಥ ಊರಲ್ಲಿ ಜುಲೈ ತಿಂಗಳಲ್ಲಿ ಜನ ಕಂಬಳಿಕೊಪ್ಪೆ ಹಾಕಿಕೊಂಡು ಅಂಗಳಕ್ಕೆ ಬಂದು, ಮುಖಕ್ಕೆ ಮಳೆ ಹೊಡೆಸಿಕೊಳ್ಳುತ್ತ, ಸ್ಕೈಲ್ಯಾಬ್ ಕಾಣುತ್ತದಾ ಎಂದು ನೋಡುತ್ತಿದ್ದರು. ಎದುರಿನ ಅಡಿಕೆ ಮರದ ತುದಿಯೇ ಕಾಣದ ಮಂಜಿನಲ್ಲಿ ಒಬ್ಬರಿಗೆ ಕೆಂಪಗೆ ಏನೋ ಹಾದುಹೋದದ್ದು ಕಂಡಿತು. ಅವರಿಗೆ ಕಂಡಮೇಲೆ ಇನ್ನೊಬ್ಬರಿಗೆ ಕಾಣದಿರುವುದು ಮರ್ಯಾದೆಯ ಪ್ರಶ್ನೆ. ಸಂಜೆಯೊಳಗೆ ಊರಿಗೂರೇ ಅದನ್ನು ಕಂಡಾಗಿತ್ತು, ಬಾಲ ಇತ್ತೋ ಇಲ್ಲವೋ ಎಂಬುದಷ್ಟೇ ತಕರಾರು.

ಊರಿಗೆ ಒಂದು ರೇಡಿಯೊ. ಅದಕ್ಕೆ ಅಂಚೆ ಕಚೇರಿಯಲ್ಲಿ ವರ್ಷಾವರ್ಷ ಲೈಸೆನ್ಸ್ ಕಟ್ಟಬೇಕಿದ್ದ ಕಾಲ. ಕಟ್ಟಿದವರಿಗೆ ಊರಿನ ಮೇಲೆ ಒಂದು ಬಗೆಯ ಹಕ್ಕೇ ಇತ್ತು. ಬೇರೆ ದಿನ ವಾರ್ತೆ ಮುಗಿದ ಕೂಡಲೇ, ಬ್ಯಾಟರಿ ಇಳಿಯುತ್ತದೆ ಎಂದು ಕಿವಿ ಹಿಂಡಿದಂತೆ ಗುಂಡಿ ತಿರುಗಿಸುತ್ತಿದ್ದ ಮಹಾನುಭಾವರು, ಪ್ರಪಂಚವೇ ಮುಗಿಯುವಾಗ ಬ್ಯಾಟರಿ ಉಳಿಸಿ ಏನು ಮಾಡುವುದು ಎಂದು ಅಂದು ಬೆಳಗಿನಿಂದಲೇ ಹಚ್ಚಿಟ್ಟಿದ್ದರು. ಜಗಲಿಯ ತುಂಬ ಜನ. ದೆಹಲಿ ವಾರ್ತೆಯಲ್ಲಿ ಮೊದಲು ಅವಿಶ್ವಾಸ ನಿರ್ಣಯದ ಸುದ್ದಿ ಬಂದರೆ, "ಅದು ಯಾವಾಗಲೂ ಇದ್ದದ್ದೇ, ಮುಂದಿನದ್ದು ಹೇಳು ಮಾರಾಯ" ಎಂದು ರೇಡಿಯೊವನ್ನೇ ಗದರುತ್ತಿದ್ದರು.

ಕೋಳಿಗಳ ಪಾಡು ಕೇಳಬೇಡಿ. ಹೇಗೂ ಸಾಯುವುದು, ಇವುಗಳನ್ನು ಯಾರಿಗೆ ಬಿಟ್ಟುಹೋಗುವುದು ಎಂಬ ಒಂದೇ ವೇದಾಂತದಲ್ಲಿ ಎಷ್ಟೋ ಮನೆಗಳ ಗೂಡು ಖಾಲಿಯಾಯಿತು. ಮೊಟ್ಟೆಗೆ ಕೂತ ಹೇಂಟೆಗೂ ರಿಯಾಯಿತಿ ಸಿಗಲಿಲ್ಲ. ಸ್ಕೈಲ್ಯಾಬಿನಿಂದ ಜಗತ್ತಿನಲ್ಲಿ ಒಬ್ಬ ಮನುಷ್ಯನಿಗೂ ಪೆಟ್ಟಾಗಲಿಲ್ಲ ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ಕೋಳಿಗಳ ಲೆಕ್ಕ ತೆಗೆದುಕೊಂಡವರಿಲ್ಲ. ಅಂಗಡಿಯಲ್ಲಿ ಸಾಲದ ಪುಸ್ತಕ ದಪ್ಪವಾಯಿತು. ತೀರಿಸುವ ಪ್ರಮೇಯವೇ ಇಲ್ಲ ಎಂದು ಕೊಂಡವರಿಗೆ ಧೈರ್ಯ, ನಾಳೆ ನಾನೂ ಇರುವುದಿಲ್ಲವಲ್ಲ ಎಂದು ಕೊಟ್ಟವನಿಗೂ ಧೈರ್ಯ. ಇಷ್ಟು ಪರಸ್ಪರ ನಂಬಿಕೆಯ ವ್ಯಾಪಾರ ನಮ್ಮೂರಲ್ಲಿ ಅದಕ್ಕೆ ಮುಂಚೆ ನಡೆದಿರಲಿಲ್ಲ, ಆಮೇಲೂ ನಡೆದಿಲ್ಲ.

ಹಳೆಯ ತಲೆಗಳು ಮಾತ್ರ ಅಷ್ಟು ವಿಚಲಿತವಾಗಲಿಲ್ಲ. ಅವರು 1962ರ ಫೆಬ್ರುವರಿಯ ಅಷ್ಟಗ್ರಹ ಕೂಟ ಕಂಡವರು. ಆಗಲೂ ಪ್ರಳಯವೆಂದು ದೇಶದ ಉದ್ದಗಲಕ್ಕೆ ಹೋಮ ನಡೆದು, ತುಪ್ಪ ಸುಟ್ಟು, ಪ್ರಳಯ ಬಾರದೆ ನಿರಾಶರಾಗಿದ್ದರು. ಈ ಸಲದ ಪ್ರಳಯ ಅಮೆರಿಕದ್ದಾದ್ದರಿಂದ ಸ್ವಲ್ಪ ಹೆಚ್ಚು ಭರವಸೆ ಇಡಬಹುದು ಎಂಬುದಷ್ಟೇ ಅವರ ಅಭಿಪ್ರಾಯ.

ಇನ್ನು ಸರ್ಕಾರ. ರಾಜ್ಯಗಳ ಪೊಲೀಸರಿಗೆ ಕಟ್ಟೆಚ್ಚರದಿಂದಿರಲು ಹೇಳಲಾಗಿತ್ತು. ಈ ಒಂದು ವಾಕ್ಯದ ಮುಂದೆ ನಾನು ಇಂದಿಗೂ ಕೈಮುಗಿದು ನಿಲ್ಲುತ್ತೇನೆ. ಎರಡು ಟನ್ನಿನ ಲೋಹ ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಬಂದು ಬೀಳುವಾಗ, ಕೈಯಲ್ಲಿ ಲಾಠಿ ಹಿಡಿದ ಕಾನ್‌ಸ್ಟೆಬಲ್ ಕಟ್ಟೆಚ್ಚರದಿಂದ ಮಾಡುವುದೇನು? ಸೀಟಿ ಊದುವುದೇ? ಅದೃಷ್ಟಕ್ಕೆ ಬಿದ್ದದ್ದು ಬೇರೆ ಕಡೆ. ನಮ್ಮ ತಾಲ್ಲೂಕಿನಲ್ಲಿ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ, ಸ್ಕೈಲ್ಯಾಬಿನ ಬಗ್ಗೆಯೇ ಮರುಕ ಹುಟ್ಟುತ್ತದೆ.

ಮೊದಲು ಬಿದ್ದ ಜಾಗ ಎರಡು ಠಾಣೆಗಳ ಗಡಿಯಲ್ಲಿದೆ ಎಂಬುದು ಗೊತ್ತಾಗುತ್ತಿತ್ತು, ಯಾಕೆಂದರೆ ಏನು ಬಿದ್ದರೂ ಅಲ್ಲೇ ಬೀಳುವುದು. ಆಮೇಲೆ ಮಹಜರು. ಪಂಚರಾಗಿ ಐದು ಜನ ಗೌರವಸ್ಥರು. ವಸ್ತು ಆಕಾಶದಿಂದ ಬಿದ್ದದ್ದನ್ನು ಕಣ್ಣಾರೆ ಕಂಡಿರುವುದಾಗಿಯೂ, ಓದಿ ಹೇಳಿ ಕೇಳಿ ಸರಿ ಇರುವುದಾಗಿಯೂ ಐದು ಹೆಬ್ಬೆಟ್ಟು. ಬಾಹ್ಯಾಕಾಶದ ವಸ್ತುವಿನಿಂದ ನಷ್ಟವಾದರೆ ಹಾರಿಸಿದ ದೇಶವೇ ಪರಿಹಾರ ಕೊಡಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದ 1972ರಲ್ಲೇ ಆಗಿತ್ತು, ನಿಜ. ಆದರೆ ಅರ್ಜಿ ಶಿರಸ್ತೇದಾರರ ಮೇಜು ದಾಟಬೇಕಲ್ಲ? ಬಿದ್ದದ್ದು ಸ್ಕೈಲ್ಯಾಬೇ ಹೊರತು ಬೇರೆ ಯಾವುದೂ ಅಲ್ಲ ಎಂಬುದಕ್ಕೆ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಣ ಪತ್ರ. ಬಿದ್ದ ಸರ್ವೆ ನಂಬರಿನ ಪಹಣಿ. ಪಹಣಿಯಲ್ಲಿ ಅಡಿಕೆ ಎಂದಿದ್ದು, ಬಿದ್ದದ್ದು ಬಾಳೆಯ ಮೇಲಾದರೆ ಅದಕ್ಕೊಂದು ಅಫಿಡವಿಟ್. ಮೂರು ಪ್ರತಿ.

ಇನ್ನೂ ದೊಡ್ಡ ಅಪಾಯ ಒಂದಿತ್ತು. ಆಗ ಕರ್ನಾಟಕದಲ್ಲಿ ದೇವರಾಜ ಅರಸರ ಭೂಸುಧಾರಣೆಯ ಕಾಲ. ಉಳುವವನೇ ಹೊಲದೊಡೆಯ. 77 ಟನ್ ವಸ್ತು ಆ ವೇಗದಲ್ಲಿ ಗದ್ದೆಗೆ ಬಿದ್ದರೆ ಅದಕ್ಕಿಂತ ಆಳವಾಗಿ ಉಳುವವರು ಯಾರಿದ್ದಾರೆ? ಅಮೆರಿಕ ಸರ್ಕಾರ ಗೇಣಿದಾರ ತಾನೇ ಎಂದು ಭೂನ್ಯಾಯ ಮಂಡಳಿಯ ಮುಂದೆ ಅರ್ಜಿ ಹಾಕಿದ್ದರೆ ನಮ್ಮ ಜಮೀನ್ದಾರರಿಗೆ ಏನು ದಾರಿಯಿತ್ತು? ಪುಣ್ಯಕ್ಕೆ ಆ ಅರ್ಜಿ, ಅಂದರೆ ಫಾರಂ ನಂಬರ್ 7, ಸಲ್ಲಿಸಲು ಕೊನೆಯ ದಿನ ಜೂನ್ 30. ಸ್ಕೈಲ್ಯಾಬ್ 11 ದಿನ ತಡವಾಗಿ ಬಂತು. ಷಟಲ್ ವಿಳಂಬದ ಜೊತೆಗೆ ನಾಸಾದವರು ಕಳೆದುಕೊಂಡ ಎರಡನೆಯ ಅವಕಾಶ ಇದು.

ಈಗ ದೆಹಲಿಗೆ ಬರೋಣ. ಅಲ್ಲಿಯ ಪತನದ ವಿಜ್ಞಾನ ಇಷ್ಟು ಸರಳವಲ್ಲ.

ಲೋಕಸಭೆಯ ಸ್ಪೀಕರ್ ಪೀಠದಲ್ಲಿ ಕೂತಿದ್ದವರು ನಮ್ಮ ನಿಟ್ಟೆಯ ಕೆ.ಎಸ್. ಹೆಗ್ಡೆಯವರು. ಅವರ ಮುಂದೆ ಜುಲೈ 11ರಂದು ವಿರೋಧ ಪಕ್ಷದ ನಾಯಕ ವೈ.ಬಿ. ಚವಾಣ್ ಅವಿಶ್ವಾಸ ನಿರ್ಣಯ ಮಂಡಿಸಿದರು. ನಿರ್ಣಯ ಮಂಡಿಸುವಾಗ ಅದು ಗೆಲ್ಲುತ್ತದೆಂದು ಅವರೇ ನಂಬಿದ್ದರೋ ಇಲ್ಲವೋ! ಸರ್ಕಾರದ ರಚನೆ ನೋಡಿದರೆ ನಂಬಲು ಕಾರಣವಿತ್ತು. ಒಬ್ಬ ಪ್ರಧಾನಿ, ಇಬ್ಬರು ಉಪಪ್ರಧಾನಿಗಳು. ಪ್ರಧಾನಿಯಾಗಬೇಕಿದ್ದವನು ತಾನು ಎಂಬ ವಿಷಯದಲ್ಲಿ ಮೂವರಿಗೂ ಪೂರ್ಣ ಒಮ್ಮತ. ಚರಣ್ ಸಿಂಗರನ್ನು 1978ರಲ್ಲಿ ಸಂಪುಟದಿಂದ ಹೊರಹಾಕಿ, 1979ರ ಜನವರಿಯಲ್ಲಿ ಉಪಪ್ರಧಾನಿ ಪಟ್ಟ ಕಟ್ಟಿ ಒಳಗೆ ಕರೆದುಕೊಂಡಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಕಟ್ಟಿದವರು ಎರಡೇ ಪ್ರಾಣಿಗಳ ನೊಗ ಕಂಡವರು. ಹಳೆ ಕಾಂಗ್ರೆಸ್ಸಿಗರು, ಜನಸಂಘದವರು, ಲೋಕದಳದವರು, ಸಮಾಜವಾದಿಗಳು ಎಲ್ಲ ಒಂದೇ ನೊಗಕ್ಕೆ ಹೆಗಲು ಕೊಟ್ಟ ನೋಟ ಆ ಪುಣ್ಯಾತ್ಮರಿಗೆ ಸಿಕ್ಕಿರಲಿಲ್ಲ. ರಾಯ್‌ಬರೇಲಿಯಲ್ಲಿ ಇಂದಿರಾರನ್ನು ಕೆಡವಿದ್ದ ರಾಜ್ ನಾರಾಯಣ್ ಆಗಲೇ ಪಕ್ಷದಿಂದ ಹೊರಬಿದ್ದು, ಕೆಡವುವ ತಮ್ಮ ಕೈಚಳಕವನ್ನು ಸ್ವಂತ ಮನೆಯ ತೊಲೆಗಳ ಮೇಲೆ ತೋರಿಸುತ್ತಿದ್ದರು.

ಸ್ಕೈಲ್ಯಾಬಿಗೂ ಈ ಸರ್ಕಾರಕ್ಕೂ ಇದ್ದ ದೊಡ್ಡ ವ್ಯತ್ಯಾಸವೆಂದರೆ, ಸ್ಕೈಲ್ಯಾಬಿನ ಚೂರುಗಳು ಬೀಳುವಾಗ ಬೇರೆಯಾದವು. ಇದರ ಚೂರುಗಳು ಬೇರೆಯಾಗಿಯೇ ಹಾರಿದ್ದವು. ಮತ್ತೆ, ಅದು ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂದು ಹೂಸ್ಟನ್ನಿನಲ್ಲಿ ಕೂತವರು ಹೇಳಬಲ್ಲವರಾಗಿದ್ದರು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಆ ಚರ್ಚೆಯಲ್ಲಿ ಎದ್ದುನಿಂತು ಸರ್ಕಾರವನ್ನು ಸಮರ್ಥಿಸಿ ಮಾಡಿದ ಭಾಷಣಕ್ಕೆ ಸದನ ತಲೆದೂಗಿತು. ಎರಡು ಮೂರು ದಿನದಲ್ಲಿ ಅವರೇ ರಾಜೀನಾಮೆ ಕೊಟ್ಟು ಚರಣ್ ಸಿಂಗರ ಪಾಳಯದಲ್ಲಿದ್ದರು. ಯಾವ ಕಂಪ್ಯೂಟರಿಗೆ ಈ ಕಕ್ಷೆ ಸಿಗುತ್ತದೆ ಹೇಳಿ.

ಅತ್ತ ನಾಸಾದವರು ಕೊನೆಯ ದಿನ ಒಂದು ಕೈ ನೋಡಿಯೇಬಿಟ್ಟರು. ಸ್ಕೈಲ್ಯಾಬ್ ಪಲ್ಟಿ ಹೊಡೆಯುವಂತೆ ಮಾಡಿ, ತಮ್ಮ ಖಂಡ ತಪ್ಪಿಸಿ, ದಕ್ಷಿಣ ಆಫ್ರಿಕಾದ ಆಚೆಯ ಸಮುದ್ರಕ್ಕೆ ಗುರಿಯಿಟ್ಟರು. ತಮ್ಮ ಅಂಗಳದ ಕಸ ಪಕ್ಕದವರ ಅಂಗಳಕ್ಕೆ ಹೋಗದೆ ರಸ್ತೆಗೆ ಬೀಳಲಿ ಎಂಬ ಸದುದ್ದೇಶ. ಲೆಕ್ಕ ತುಸು ತಪ್ಪಿತು. ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತರ ಸುಮಾರಿಗೆ ಅದು ಹಿಂದೂ ಮಹಾಸಾಗರದ ಮೇಲೆ ಉರಿಯುತ್ತ ಹಾದು, ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಎಂಬ ಊರಿನ ಆಸುಪಾಸಿನಲ್ಲಿ ಉದುರಿತು. ಒಬ್ಬರಿಗೂ ಗಾಯವಿಲ್ಲ.

ಅಲ್ಲಿನವರು ಮಾಡಿದ್ದು ನೋಡಿ. ಊರಿನ ಸ್ಥಳೀಯ ಆಡಳಿತ, ಸಾರ್ವಜನಿಕ ಸ್ಥಳದಲ್ಲಿ ಕಸ ಚೆಲ್ಲಿದ್ದಕ್ಕೆ ನಾಸಾ ಮೇಲೆ 400 ಡಾಲರ್ ದಂಡ ಹಾಕಿತು. ಮೊದಲ ಚೂರು ತಂದವರಿಗೆ 10 ಸಾವಿರ ಡಾಲರ್ ಕೊಡುತ್ತೇವೆಂದು ಸ್ಯಾನ್‌ಫ್ರಾನ್ಸಿಸ್ಕೊದ ಪತ್ರಿಕೆಯೊಂದು ಘೋಷಿಸಿತ್ತು. ನಮ್ಮ ಅಂದಿನ ರೂಪಾಯಿಯಲ್ಲಿ ಸುಮಾರು 80 ಸಾವಿರ. ಎಸ್ಪೆರೆನ್ಸಿನ 17 ವರ್ಷದ ಹುಡುಗನೊಬ್ಬ ಮನೆಯ ಹತ್ತಿರ ಬಿದ್ದ ಸುಟ್ಟ ಚೂರುಗಳನ್ನು ಎತ್ತಿಕೊಂಡು ವಿಮಾನ ಹತ್ತಿ ಹೋಗಿ ದುಡ್ಡು ಎಣಿಸಿಕೊಂಡ. ಅದೇ ತಿಂಗಳು ಪರ್ತ್‌ನಲ್ಲಿ ಭುವನಸುಂದರಿ (ಮಿಸ್ ಯೂನಿವರ್ಸ್) ಸ್ಪರ್ಧೆ ನಡೆದಾಗ ವೇದಿಕೆಯ ಮೇಲೆ ಸುಂದರಿಯರ ಜೊತೆಗೆ ಸ್ಕೈಲ್ಯಾಬಿನ ತುಂಡೂ ಇತ್ತು. ಬಿದ್ದವರಿಗೆ ಇಂಥ ಮರ್ಯಾದೆ ನಮ್ಮಲ್ಲಿ ರಾಜ್ಯಪಾಲರಾದರೆ ಮಾತ್ರ ಸಿಗುತ್ತದೆ.

ಜುಲೈ 12ರ ಬೆಳಗ್ಗೆ ನಮ್ಮೂರು ಎದ್ದಾಗ ಎಲ್ಲರೂ ಬದುಕಿದ್ದರು, ಕೋಳಿಗಳ ಹೊರತು. ಅಂಗಡಿಯವನು ಹಿಂದಿನ ರಾತ್ರಿಯ ಧೈರ್ಯ ಕಳೆದುಕೊಂಡು, ಸಾಲದ ಪುಸ್ತಕ ಕಂಕುಳಲ್ಲಿಟ್ಟು, ಮಳೆಯಲ್ಲೇ ಮನೆಮನೆ ಹತ್ತಿದ. ಸ್ಕೈಲ್ಯಾಬಿಗೆ ಅಂಜದೆ ಅಂಗಳದಲ್ಲಿ ನಿಂತಿದ್ದ ಎಷ್ಟೋ ಗಂಡಸರು ಅವನ ಕೊಡೆ ಕಂಡು ಅಟ್ಟ ಸೇರಿದರು. ಅದೇ ದಿನ ಬರ್ಮಿಂಗ್‌ಹ್ಯಾಮಿನಲ್ಲಿ ಇಂಗ್ಲೆಂಡ್ ಎದುರು ಟೆಸ್ಟ್ ಶುರುವಾಯಿತು. ಗವರ್ ಒಬ್ಬರೇ 200, ಇಂಗ್ಲೆಂಡ್ 5ಕ್ಕೆ 633. ನಮ್ಮವರಿಗೆ ಇನಿಂಗ್ಸ್ ಸೋಲು. ಅದರ ಬಗ್ಗೆ ಮುನ್ನೆಚ್ಚರಿಕೆ ಕೊಡಲು ನಾಸಾ ಬೇಕಿರಲಿಲ್ಲ.

ಜುಲೈ 15ಕ್ಕೆ ಮೊರಾರ್ಜಿ ರಾಜೀನಾಮೆ ಕೊಟ್ಟರು. ಇನ್ನೂ ಆಷಾಢ. ರಾಷ್ಟ್ರಪತಿಗಳು ಮೊದಲು ಚವಾಣರನ್ನೇ ಕರೆದು ಸರ್ಕಾರ ಮಾಡುತ್ತೀರಾ ಎಂದು ಕೇಳಿದರು. ಕೆಡವಿದವರು ಕಟ್ಟಬಲ್ಲರು ಎಂಬ ನಂಬಿಕೆ. ಅವರು ಆಗದೆಂದು ಕೈಚೆಲ್ಲಿದರು. ಭೀಮನ ಅಮಾವಾಸ್ಯೆ ಕಳೆದು ಶ್ರಾವಣ ಕಾಲಿಟ್ಟ ಮೇಲೆ, ಜುಲೈ 28ರಂದು ಚರಣ್ ಸಿಂಗ್ ಪ್ರಮಾಣವಚನ ಸ್ವೀಕರಿಸಿದರು. ಅವಿಶ್ವಾಸ ಮಂಡಿಸಿದ್ದ ಚವಾಣ್ ಉಪಪ್ರಧಾನಿ. ಮಾಸ ನೋಡಿಯೇ ಮುಹೂರ್ತವಿಟ್ಟರೂ, ಬೆಂಬಲ ಕೊಟ್ಟಿದ್ದ ಇಂದಿರಾ ಅದನ್ನು ಹಿಂದಕ್ಕೆಳೆದುಕೊಂಡರು. ಆಗಸ್ಟ್ 20ರಂದು, ಅದೇ ಶ್ರಾವಣ ಮುಗಿಯುವ ಮೊದಲೇ, ಒಂದು ದಿನವೂ ಸಂಸತ್ತನ್ನು ಎದುರಿಸದೆ ಚರಣ್ ಸಿಂಗ್ ರಾಜೀನಾಮೆ ಕೊಟ್ಟರು. ಮಧ್ಯೆ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ನಮ್ಮದೇ ಮೊದಲ ಎಸ್ಎಲ್‌ವಿ-3 ರಾಕೆಟ್ ಐದು ನಿಮಿಷದಲ್ಲಿ ಬಂಗಾಳ ಕೊಲ್ಲಿಗೆ ಬಿತ್ತು. ಅದಕ್ಕೆ ಮಾತ್ರ ಯಾರೂ ಕೋಳಿ ಕುಯ್ಯಲಿಲ್ಲ. ಸ್ವದೇಶಿ ವಸ್ತು ನಮ್ಮ ಮೇಲೆ ಬೀಳುವುದಿಲ್ಲ ಎಂಬ ವಿಶ್ವಾಸ.

ಬೆಂಗಳೂರಿನಲ್ಲಿ ಪತನ ಸ್ವಲ್ಪ ನಿಧಾನ. ಜೂನ್‌ನಲ್ಲಿ ಇಂದಿರಾ ಪಕ್ಷದಿಂದ ಉಚ್ಚಾಟಿತರಾದ ಅರಸರ ಹಿಂದೆ ಶಾಸಕರು ದಂಡುದಂಡಾಗಿ ನಿಂತಿದ್ದರು, ನಿಮ್ಮನ್ನು ಬಿಟ್ಟು ನಾವಿಲ್ಲ ಎಂದು. 1980ರ ಜನವರಿಯಲ್ಲಿ ಇಂದಿರಾ ದೇಶ ಗೆದ್ದ ಫಲಿತಾಂಶ ಬಂದದ್ದೇ ತಡ, ಅದೇ ದಂಡು ಅದೇ ಶಿಸ್ತಿನಲ್ಲಿ ಆ ಕಡೆ ತಿರುಗಿ ನಿಂತಿತು. ತಿಂಗಳ ಮಧ್ಯದೊಳಗೆ ಗುಂಡೂರಾವ್ ಮುಖ್ಯಮಂತ್ರಿ. ಚಿಕ್ಕಮಗಳೂರಿನಲ್ಲಿ 77 ಸಾವಿರದ ಅಂತರ ಪಡೆದಿದ್ದ ಇಂದಿರಾ ಆ ಸಲ ನಿಂತದ್ದು ರಾಯ್‌ಬರೇಲಿ ಮತ್ತು ಮೇದಕ್‌ನಲ್ಲಿ. ಎಸ್ಪೆರೆನ್ಸಿನವರಿಗೆ ಮ್ಯೂಸಿಯಂನಲ್ಲಿ ಇಡಲು ಒಂದಷ್ಟು ಚೂರುಗಳಾದರೂ ಸಿಕ್ಕವು.

ಆ 400 ಡಾಲರ್ ದಂಡವನ್ನು ನಾಸಾ ಕಟ್ಟಲಿಲ್ಲ. ಕೊನೆಗೆ 2009ರಲ್ಲಿ ಅಮೆರಿಕದ ರೇಡಿಯೊ ನಿರೂಪಕರೊಬ್ಬರು ಕೇಳುಗರಿಂದ ಚಂದಾ ಎತ್ತಿ ಬಾಕಿ ಚುಕ್ತಾ ಮಾಡಿದರು. ದೆಹಲಿಯಲ್ಲಿ ಬಿದ್ದದ್ದಕ್ಕೆ ಬಂದ ಬಿಲ್ಲು ಒಂದು ಇಡೀ ಮಧ್ಯಂತರ ಚುನಾವಣೆಯದ್ದು. ಅದಕ್ಕೆ ಯಾರೂ ಚಂದಾ ಎತ್ತುವ ತೊಂದರೆ ತೆಗೆದುಕೊಳ್ಳಲಿಲ್ಲ. ಬೀಡಿ, ಬೆಂಕಿಪೊಟ್ಟಣ, ಸೀಮೆಎಣ್ಣೆ ಕೊಂಡಾಗಲೆಲ್ಲ ನಾವೇ ಸ್ವಲ್ಪ ಸ್ವಲ್ಪ ಕಟ್ಟಿದೆವು, ರಸೀದಿ ಕೇಳದೆ.